ಅಪರೂಪದ ಗಿಡ ಬೆಳೆಸುವ ಮುಂಚೆ ಒಂದು ನೋಟ್‌ಬುಕ್ ತಗೊಳ್ಳಿ

ಕೊಥ್ರೂಡಿನ ನಮ್ಮ ಬಾಲ್ಕನಿಯಲ್ಲಿ ಶಿಂದಳ ಮಾಕುಡಿ ಎಂಬ ಅಪರೂಪದ ಸಕ್ಯುಲೆಂಟ್ (ಕಾಂಡ, ಎಲೆಯಲ್ಲಿ ನೀರು ಹಿಡಿದಿಡುವ ಗಿಡ) ಇದೆ ಅಂತ ಗೊತ್ತಾದ ಮೇಲೆ ಪುಣೆಯ ಕನ್ನಡದ ಗೆಳತಿಯರೆಲ್ಲ "ನಮಗೂ ಒಂದು ತುಂಡು ಕೊಡ್ರೀ" ಅಂತ ಕೇಳುತ್ತಾರೆ. ಕೊಡುತ್ತೇನೆ. ಆದರೆ ತುಂಡಿನ ಜೊತೆ ಅದರ ನಂಬರು, ಅದು ಎಲ್ಲಿಂದ ಬಂತು ಅಂತ ಬರೆದ ಒಂದು ಚೀಟಿಯನ್ನೂ ಕೊಡುತ್ತೇನೆ. ಚೀಟಿ ಬೇಡ ಅನ್ನುವವರಿಗೆ ಗಿಡವೂ ಇಲ್ಲ. ಸ್ವಲ್ಪ ಖಡಕ್ ಅನ್ನಿಸಬಹುದು, ಆದರೂ ಈ ವಿಷಯದಲ್ಲಿ ನಾನು ಬಗ್ಗುವವಳಲ್ಲ.

ಈ ಗಿಡ ಮಹಾರಾಷ್ಟ್ರದ ಬೆಟ್ಟಗಳನ್ನು ಬಿಟ್ಟು ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಶಿವನೇರಿ, ಪುರಂದರದಂಥ ಕೋಟೆಗಳ ಕಡಿದಾದ ಕಪ್ಪು ಬಂಡೆಗಳ ಸಂದಿಯಲ್ಲಿ ಜೋತು ಬಿದ್ದಿರುತ್ತದೆ. 1860ರ ದಶಕದಲ್ಲಿ ಡಾಲ್ಜೆಲ್ ಎಂಬ ಸಸ್ಯವಿಜ್ಞಾನಿ ಜುನ್ನರ್ ಕಡೆ ಸಿಕ್ಕ ಈ ಗಿಡಕ್ಕೆ ಆಗಿನ ಮುಂಬೈ ಗವರ್ನರ್ ಬಾರ್ಟಲ್ ಫ್ರಿಯರ್ ಹೆಸರಿನ ಮೇಲೆ ಫ್ರೆರಿಯಾ ಇಂಡಿಕಾ ಅಂತ ಹೆಸರಿಟ್ಟರು. ಒಂದು ಕಾಲಕ್ಕೆ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಹೆಸರಿಸಿದ್ದ, ಜಗತ್ತಿನ ಅತಿ ಅಪಾಯದಲ್ಲಿರುವ 12 ಗಿಡಗಳಲ್ಲಿ ಇದೂ ಒಂದು.

ತಮಾಷೆ ಏನಂದರೆ, ಕುಂಡದಲ್ಲಿ ಇದು ಯಾವ ತಕರಾರೂ ಇಲ್ಲದೆ ಬೆಳೆಯುತ್ತದೆ. ಹಾಗಾದರೆ ಇದನ್ನು ಉಳಿಸುವುದೇನು ಕಷ್ಟ, ಅಲ್ವಾ? ಕಷ್ಟ ಇರುವುದು ಇಲ್ಲಿ: ಒಂದೇ ಗಿಡದ ತುಂಡಿನಿಂದ ನೂರು ಕುಂಡ ಮಾಡಿದರೂ ಅದು ಒಂದೇ ಗಿಡ. ಒಂದಕ್ಕೆ ಬಂದ ರೋಗ ನೂರಕ್ಕೂ ಬರಬಹುದು. ಯಾವ ಬೆಟ್ಟದ್ದು, ಯಾವ ತಾಯಿಗಿಡದ್ದು ಅಂತ ಗೊತ್ತಿಲ್ಲದಿದ್ದರೆ ಮುಂದೆ ಕಾಡಿಗೆ ಮರಳಿಸುವ ಕೆಲಸಕ್ಕೂ ಬರುವುದಿಲ್ಲ. ಸಸ್ಯೋದ್ಯಾನಕ್ಕೂ ಸಾಮಾನ್ಯ ಪಾರ್ಕಿಗೂ ಇರುವ ವ್ಯತ್ಯಾಸವೇ ಇದು. ಪಾರ್ಕಿನಲ್ಲಿ ಗಿಡ ಇರುತ್ತದೆ. ಸಸ್ಯೋದ್ಯಾನದಲ್ಲಿ ಗಿಡದ ಜೊತೆ ಅದರ ಜಾತಕವೂ ಇರುತ್ತದೆ. 2017ರಲ್ಲಿ ಲೆಕ್ಕ ಹಾಕಿದಾಗ ಅಪಾಯದಲ್ಲಿರುವ ಸಸ್ಯಜಾತಿಗಳಲ್ಲಿ ಶೇ. 41ರಷ್ಟು ಜಗತ್ತಿನ ಸಸ್ಯೋದ್ಯಾನಗಳಲ್ಲಿ ಇದ್ದವು. ಕೇಳಲು ಚೆನ್ನಾಗಿದೆ. ಆದರೆ ಆ ಲೆಕ್ಕದಲ್ಲಿ ಒಂದೇ ಒಂದು ಗಿಡ ಇದ್ದರೂ 'ಇದೆ' ಅಂತಲೇ ಅರ್ಥ.

ಈಗ ಕೆಲಸಕ್ಕೆ ಬರೋಣ.

ಮೊದಲು ಗಿಡ ಎಲ್ಲಿಂದ ತರಬೇಕು ಅನ್ನುವುದು. ಕೋಟೆಯಿಂದಂತೂ ಖಂಡಿತ ಬೇಡ. ಟ್ರೆಕ್ಕಿಂಗ್ ಹೋದಾಗ ಸುಮ್ನೆ ಒಂದು ಕಡ್ಡಿ ಮುರಿದುಕೊಂಡು ಬಂದೆ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಶಿವನೇರಿ ಸಂರಕ್ಷಿತ ಸ್ಮಾರಕ, ಮೇಲಾಗಿ ಆ ಬಂಡೆಗಳು ಕಾಲು ಜಾರಿದರೆ ಉಳಿಸುವಂಥವಲ್ಲ. ಸಕ್ಯುಲೆಂಟ್ ಬೆಳೆಸುವವರ ಹತ್ತಿರ ಕುಂಡದಲ್ಲೇ ಬೆಳೆದ ಗಿಡ ಸಿಗುತ್ತದೆ. ಕೊಳ್ಳುವಾಗ ಒಂದೇ ಪ್ರಶ್ನೆ ಕೇಳಿ: "ನಿಮಗೆ ಇದು ಯಾರಿಂದ ಬಂತು?" ಉತ್ತರ ಬರಲಿಲ್ಲವೋ, ಬೇರೆ ಅಂಗಡಿ ನೋಡಿ.

ಮನೆಗೆ ಬಂದ ದಿನವೇ ನಂಬರ್ ಕೊಡಿ. ದೊಡ್ಡ ಉದ್ಯಾನಗಳು ಮಾಡುವುದೂ ಇದನ್ನೇ. ವರ್ಷ, ಆಮೇಲೆ ಕ್ರಮಸಂಖ್ಯೆ: 2025/3 ಅಂದರೆ ಆ ವರ್ಷ ಬಂದ ಮೂರನೇ ಗಿಡ. ಅದರಿಂದ ತುಂಡು ಮಾಡಿ ಬೆಳೆಸಿದರೆ 2025/3ಎ, 2025/3ಬಿ. ಬೀಜದಿಂದ ಬಂದ ಸಸಿಗೆ ಮಾತ್ರ ಹೊಸ ನಂಬರ್, ಏಕೆಂದರೆ ಅದು ಬೇರೆಯೇ ಗಿಡ. ನೋಟ್‌ಬುಕ್ಕಿನಲ್ಲಿ ಆ ನಂಬರಿನ ಎದುರು ಬರೆಯಬೇಕಾದದ್ದು: ಹೆಸರು, ಯಾರು ಕೊಟ್ಟರು, ಅವರಿಗೆ ಎಲ್ಲಿಂದ ಬಂತು, ತುಂಡೋ ಬೀಜವೋ, ತಾರೀಖು. ಮೂಲ ಬೆಟ್ಟ ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ' ಅಂತಲೇ ಬರೆಯಿರಿ. ಪುರಂದರದ್ದೇ ಇರಬೇಕು ಅಂತ ಊಹಿಸಿ ಬರೆದದ್ದು ಖಾಲಿ ಬಿಟ್ಟದ್ದಕ್ಕಿಂತ ಕೆಟ್ಟದ್ದು.

ಲೇಬಲ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಏಕೆಂದರೆ ಎಲ್ಲರೂ ಸೋಲುವುದು ಇಲ್ಲಿ. ಪರ್ಮನೆಂಟ್ ಮಾರ್ಕರ್ ಹೆಸರಿಗಷ್ಟೇ ಪರ್ಮನೆಂಟ್. ಪುಣೆಯ ಏಪ್ರಿಲ್ ಬಿಸಿಲಿಗೆ ಅಕ್ಷರ ಮಾಯ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಬರೆಯುವುದಾದರೆ ಸಾದಾ ಪೆನ್ಸಿಲ್ಲೇ ವಾಸಿ. ಅದಕ್ಕಿಂತ ಒಳ್ಳೆಯದು ಕೋಲ್ಡ್ ಡ್ರಿಂಕ್ ಕ್ಯಾನು. ಕತ್ತರಿಯಿಂದ ಬೆರಳಗಲದ ಪಟ್ಟಿ ಕತ್ತರಿಸಿ (ಅಂಚು ಚೂಪು, ಮಕ್ಕಳ ಕೈಗೆ ಬೇಡ), ಹಳೇ ಪೇಪರಿನ ಮೇಲಿಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಬರೆಯಿರಿ. ಅಕ್ಷರ ಲೋಹದಲ್ಲೇ ಮೂಡುತ್ತದೆ. ಮಳೆ, ಬಿಸಿಲು ಏನೂ ಮಾಡುವುದಿಲ್ಲ. ಒಂದು ಪಟ್ಟಿ ಕುಂಡಕ್ಕೆ ಕಟ್ಟಿ, ಇನ್ನೊಂದನ್ನು ಮಣ್ಣಿನೊಳಗೆ ಹೂತಿಡಿ. ಕೆಲಸದವರು ಗುಡಿಸುವಾಗ ಮೇಲಿನದು ಹೋದರೂ ಒಳಗಿನದು ಇರುತ್ತದೆ.

ಬೆಳೆಸುವುದು ಸುಲಭ. ನಾಲ್ಕು ಬೆರಳುದ್ದದ ತುಂಡು ಕತ್ತರಿಸಿ, ಕೆಲವು ದಿನ ನೆರಳಲ್ಲಿಟ್ಟು ಗಾಯ ಒಣಗಲು ಬಿಡಿ. ದಪ್ಪ ಮರಳು, ಸಣ್ಣ ಜಲ್ಲಿ ಜಾಸ್ತಿ ಇರುವ, ನೀರು ನಿಲ್ಲದ ಮಣ್ಣಿನಲ್ಲಿ ನೆಡಿ. ಮಳೆಗಾಲದಲ್ಲಿ ಎಲೆ ಬಿಡುತ್ತದೆ, ಮಳೆ ಹಿಂದೆ ಸರಿಯುವ ಹೊತ್ತಿಗೆ ಹಳದಿ ಗುರುತಿರುವ ಕಡುಗೆಂಪು ನಕ್ಷತ್ರದಂಥ ಹೂ. ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿ ಬರೀ ಹಸಿರು ಕಡ್ಡಿ ಉಳಿಯುತ್ತದೆ. ವಿಜಯಪುರದ ಗೆಳತಿಯೊಬ್ಬಳು ಫೋನ್ ಮಾಡಿ "ಅಕ್ಕಾ, ಗಿಡ ಸತ್ತೇ ಹೋತು, ದಿನಾ ನೀರು ಹಾಕಾಕತ್ತೀನಿ" ಅಂದಳು. ನೀರು ಹಾಕಿದ್ದಕ್ಕೇ ಅದು ಕೊಳೆಯತೊಡಗಿತ್ತು. ಎಲೆ ಇಲ್ಲದಾಗ ನೀರು ತೀರಾ ಕಡಿಮೆ, ಅಷ್ಟೇ. ಬುಡದಲ್ಲಿ ಬಿಳಿ ಹಿಟ್ಟು ತಿಗಣೆ ಕಾಣಿಸಿದರೆ ಕುಂಡವನ್ನು ಉಳಿದವುಗಳಿಂದ ದೂರ ಇಡಿ.

ಬೀಜದ ಕೋಡು ಜೋಡಿಯಾಗಿ ಬಂದರೆ ತೆಳು ಬಟ್ಟೆಯ ಸಣ್ಣ ಚೀಲ ಕಟ್ಟಿ. ಇಲ್ಲವಾದರೆ ಒಡೆದ ದಿನವೇ ರೇಷ್ಮೆ ಕೂದಲಿನ ಬೀಜಗಳು ಹಾರಿ ಪಕ್ಕದ ಸೊಸೈಟಿ ಸೇರುತ್ತವೆ. ಬೀಜ ತಾಜಾ ಇರುವಾಗಲೇ ಬಿತ್ತಿ. ಅದೇ ಕುಟುಂಬದ ಬೇರೆ ಜಾತಿಗಳನ್ನೂ ಪಕ್ಕದಲ್ಲೇ ಬೆಳೆಸುತ್ತಿದ್ದರೆ, ಬೆರಕೆ ಆಗಿರಬಹುದು ಅಂತ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ.

ಜಾಗ ಇರುವವರು ಸೀತಾ ಅಶೋಕವನ್ನೂ ಯೋಚಿಸಬಹುದು. ಸೊಸೈಟಿಗಳಲ್ಲಿ ಕಂಬದ ಥರ ನೆಟ್ಟಗೆ ನಿಂತ 'ಅಶೋಕ' ಅದಲ್ಲ. ನಿಜವಾದದ್ದರ ಕಿತ್ತಳೆ ಗೊಂಚಲು ಹೂ ನೋಡಬೇಕೆಂದರೆ ಮುಂಬೈಗೆ ಹೋದಾಗ ಬೈಕುಲ್ಲಾದ ರಾಣಿ ಬಾಗ್‌ಗೆ ಹೋಗಿ. ಔಷಧಿಗೆ ತೊಗಟೆ ಸುಲಿದು ಸುಲಿದು ಈ ಮರ ಅಪಾಯದ ಪಟ್ಟಿಗೆ ಸೇರಿದೆ. ಬೀಜ ಬ್ಯಾಂಕುಗಳು ಬೀಜ ಒಣಗಿಸಿ ಮೈನಸ್ 20 ಡಿಗ್ರಿಯಲ್ಲಿ ಇಡುತ್ತವೆ. ಅಶೋಕದ ಬೀಜ ಒಣಗಿದರೆ ಹುಟ್ಟುವುದೇ ಇಲ್ಲ. ಹಾಗಾಗಿ ಇಂಥವನ್ನು ಜೀವಂತ ಮರವಾಗಿಯೇ ಇಟ್ಟುಕೊಳ್ಳಬೇಕು. ಬೀಜ ಸಿಕ್ಕ ವಾರದಲ್ಲೇ ಬಿತ್ತಿ, ಎಳೆ ಗಿಡಕ್ಕೆ ಅರೆ ನೆರಳು ಕೊಡಿ.

ನಿಮ್ಮ ಗಿಡ ಉದ್ಯಾನದವರಿಗೆ ಬೇಕಾಗಬಹುದು ಅನ್ನಿಸಿದರೆ ಕುಂಡ ಹೊತ್ತುಕೊಂಡು ಹೋಗಬೇಡಿ. ಪುಣೆಯಲ್ಲಿ ಭಾರತೀಯ ಸಸ್ಯವಿಜ್ಞಾನ ಸರ್ವೇಕ್ಷಣೆಯ ಪಶ್ಚಿಮ ಕೇಂದ್ರ 1955ರಿಂದ ಇದೆ, ಮುಂಢವಾದಲ್ಲಿ ಅವರ ಪ್ರಯೋಗದ ತೋಟವಿದೆ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಉದ್ಯಾನದಲ್ಲಿ ಪ್ರೊ. ಎಸ್. ಆರ್. ಯಾದವ್ ಅವರ ತಂಡ ಶಿಂದಳ ಮಾಕುಡಿಯ ಕುಟುಂಬದ್ದೇ ಆದ ಸೆರೋಪೀಜಿಯಾ ಎಂಬ ಗಿಡಗಳನ್ನು ಕೂಡಿಸಿ ಬೆಳೆಸಿದೆ. ಮೊದಲು ಹೂವಿನ ಫೋಟೋ ಮತ್ತು ನೋಟ್‌ಬುಕ್ಕಿನ ಆ ಪುಟದ ಫೋಟೋ ಇಮೇಲ್ ಮಾಡಿ. ಅವರು ಕೇಳುವುದು ಎರಡನೆಯದನ್ನೇ.

ಬೆಟ್ಟದಲ್ಲಿ ನೀವೇ ಹೋಗಿ ನೆಡುವ ಉತ್ಸಾಹ ಮಾತ್ರ ಬೇಡ. ಕುಂಡದ ಕೀಟ, ರೋಗ ಅಲ್ಲಿಗೂ ಹೋಗುತ್ತದೆ. ಕಾಡಿನಲ್ಲಿ ಗಿಡ ಕಂಡರೆ ಫೋಟೋ ತೆಗೆಯಿರಿ, ಆದರೆ ನಿಖರ ಜಾಗವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಗಿಡ, ಪ್ರಾಣಿಗಳ ಫೋಟೋ ಹಾಕುವ ಐನ್ಯಾಚುರಲಿಸ್ಟ್ ಎಂಬ ವೆಬ್‌ಸೈಟಿನಲ್ಲಿ ಅಪಾಯದ ಜಾತಿ ಅಂತ ಗುರುತಾದ ಗಿಡಗಳ ಜಾಗವನ್ನು ಅವರೇ ಮಸುಕು ಮಾಡಿ ತೋರಿಸುತ್ತಾರೆ.

ಕೊನೆಯದಾಗಿ, ಬೇರೆ ಬಡಾವಣೆಯ ಕನಿಷ್ಠ ಇಬ್ಬರ ಮನೆಯಲ್ಲಿ ನಿಮ್ಮ ಗಿಡದ ತುಂಡು ಇರಲಿ, ಅದೇ ನಂಬರಿನ ಜೊತೆ. ಯಾರಿಗೆ ಕೊಟ್ಟಿರಿ ಅನ್ನುವುದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಫೋನ್ ನಂಬರಿನ ಸಮೇತ.