ಈಥರ್ ಹುಡುಕಿದ ಉಪಕರಣವನ್ನು ಮನೆಯಲ್ಲೇ ಕಟ್ಟುವ ಬಗೆ

ಶ್ರೀರಂಗಪಟ್ಟಣದ ಬಳಿ ಕಾವೇರಿ 100 ಮೀಟರ್ ಅಗಲ ಎಂದುಕೊಳ್ಳಿ. ನೀರಿನ ಸೆಳೆತ ಸೆಕೆಂಡಿಗೆ 0.6 ಮೀಟರ್, ನಿಂತ ನೀರಲ್ಲಿ ಹರಿಗೋಲಿನ ವೇಗ 1 ಮೀಟರ್. ನೇರ ಆಚೆ ದಡ ಮುಟ್ಟಿ ಬರಲು 250 ಸೆಕೆಂಡ್ ಬೇಕು. ಅಷ್ಟೇ ದೂರ ಸೆಳವಿಗೆ ಎದುರಾಗಿ ಹೋಗಿ ಇಳಿದು ಬರಲು 312.5 ಸೆಕೆಂಡ್. ಬೆಳಕು ಈಥರ್ ಎಂಬ ಮಾಧ್ಯಮದಲ್ಲಿ ಸಾಗುವುದಾದರೆ, ಸೂರ್ಯನ ಸುತ್ತ ಸೆಕೆಂಡಿಗೆ 30 ಕಿ.ಮೀ. ಓಡುವ ಭೂಮಿಯ ಮೇಲೂ ಇಂಥದೇ ವ್ಯತ್ಯಾಸ ಸಿಗಬೇಕು. ಅದನ್ನು ಹಿಡಿಯಲು ಅಮೆರಿಕದ ಭೌತವಿಜ್ಞಾನಿ ಮೈಕೆಲ್ಸನ್ ಮಾಡಿದ ಉಪಕರಣದ ಪುಟ್ಟ ರೂಪ ಇದು.

ತಳಕ್ಕೆ 40 ಸೆಂ.ಮೀ. ಚೌಕದ ಗ್ರಾನೈಟ್ ತುಂಡು. ಅಡುಗೆಮನೆ ಕಟ್ಟೆಗೆ ಕಲ್ಲು ಕೊಯ್ಯುವ ಕಡೆ ಉಳಿಕೆ ತುಂಡು ಕೇಳಿ. ಅದರ ಕೆಳಗೆ ಅರ್ಧ ಗಾಳಿ ತುಂಬಿದ ಸ್ಕೂಟರ್ ಟ್ಯೂಬ್. 650 ನ್ಯಾನೋಮೀಟರ್ ಅಲೆಯುದ್ದದ ಕೆಂಪು ಲೇಸರ್ 5 ಮಿಲಿವ್ಯಾಟ್ ಮೀರಬಾರದು, ಕಣ್ಣನ್ನು ಕಿರಣದ ಮಟ್ಟಕ್ಕೆ ತರಲೇಬಾರದು. ಜೊತೆಗೆ ಒಂದು 50:50 ಬೀಮ್ ಸ್ಪ್ಲಿಟರ್ (ಅರ್ಧ ಬೆಳಕನ್ನು ದಾಟಿಸಿ ಉಳಿದರ್ಧವನ್ನು ಪಕ್ಕಕ್ಕೆ ಹೊರಳಿಸುವ ಗಾಜು), ಎರಡು ಕನ್ನಡಿ. ಮುಖ ನೋಡುವ ಕನ್ನಡಿ ಬೇಡ: ಲೇಪ ಗಾಜಿನ ಹಿಂದಿರುವುದರಿಂದ ಒಂದು ಚುಕ್ಕೆಗೆ ಎರಡು ಮೂರು ಚುಕ್ಕೆ ಬೀಳುತ್ತವೆ. ಕೆಟ್ಟ ಹಾರ್ಡ್ ಡಿಸ್ಕ್ ಬಿಚ್ಚಿದರೆ ಸಿಗುವ ಹೊಳೆಯುವ ತಟ್ಟೆ ಇದಕ್ಕೆ ಹೇಳಿ ಮಾಡಿಸಿದ್ದು. ಕತ್ತರಿಸಬೇಡಿ, ಕೆಲವು ಗಾಜಿನವು, ಸಿಡಿಯುತ್ತವೆ. ಒಂದು ತಟ್ಟೆಯನ್ನು ಸ್ಪ್ರಿಂಗ್ ಹಾಕಿದ ಮೂರು ತಿರುಪುಗಳ ಮೇಲೆ ಕೂರಿಸಿ.

ಸ್ಪ್ಲಿಟರನ್ನು ಕಿರಣಕ್ಕೆ 45 ಡಿಗ್ರಿ ಓರೆಯಾಗಿಟ್ಟು, ಎರಡು ಕನ್ನಡಿಗಳನ್ನೂ ಅದರಿಂದ 15 ಸೆಂ.ಮೀ. ದೂರದಲ್ಲಿಡಿ. ಅಗ್ಗದ ಲೇಸರಿನ ಅಲೆಗಳ ತಾಳ ಬಹು ಬೇಗ ತಪ್ಪುತ್ತದೆ, ಹಾಗಾಗಿ ಎರಡೂ ತೋಳು, ಅಂದರೆ ಸ್ಪ್ಲಿಟರಿನಿಂದ ಒಂದೊಂದು ಕನ್ನಡಿಗಿರುವ ದಾರಿ, ಒಂದೆರಡು ಮಿಲಿಮೀಟರ್ ಒಳಗೆ ಸಮವಿರಲಿ. ಲೇಸರ್ ಐದು ನಿಮಿಷ ಉರಿದು ಸ್ಥಿರವಾಗಲಿ. ಎರಡು ಮೀಟರ್ ದೂರದ ಗೋಡೆಯ ಮೇಲೆ ಎರಡು ಚುಕ್ಕೆ ಕಾಣುತ್ತವೆ. ತಿರುಪು ತಿರುಗಿಸಿ ಒಂದರ ಮೇಲೊಂದು ಕೂರಿಸಿ. ಕೂತೊಡನೆ ಚುಕ್ಕೆ ಮಿನುಗತೊಡಗುತ್ತದೆ. ಆಗ ಸ್ಪ್ಲಿಟರ್ ಮತ್ತು ಗೋಡೆಯ ನಡುವೆ ಚಿಕ್ಕ ಮಸೂರ ಹಿಡಿದರೆ ಕೆಂಪು-ಕಪ್ಪು ಪಟ್ಟಿಗಳು ಅಗಲವಾಗಿ ಮೂಡುತ್ತವೆ: ಎರಡು ಕಿರಣಗಳ ಅಲೆಗಳ ತಾಳ ಕೂಡಿದ ಕಡೆ ಕೆಂಪು, ತಪ್ಪಿದ ಕಡೆ ಕಪ್ಪು. ಒಂದು ಕಿರಣ ತುಸು ತಡವಾದರೂ ಪಟ್ಟಿ ಸರಿಯುತ್ತದೆ.

ಮಿನುಗದಿದ್ದರೆ ಹೆಚ್ಚಾಗಿ ತೋಳುಗಳ ಉದ್ದ ಸಮವಿರುವುದಿಲ್ಲ. ಪಟ್ಟಿ ಬಂದು ಬಂದು ಮಾಯವಾದರೆ, ಕಿರಣ ವಾಪಸು ಲೇಸರಿನ ಬಾಯಿಗೇ ನುಗ್ಗುತ್ತಿದೆ. ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿ. ಒಂದೇ ಸಮ ನಡುಗುತ್ತಿದ್ದರೆ ಫ್ಯಾನ್ ಆರಿಸಿ, ನೆಲಮಹಡಿಗೆ ಇಳಿಸಿ. ಮಂಡ್ಯದ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ರಸ್ತೆ ಪಕ್ಕದ ಮನೆಯಾದರೆ ಸರಿರಾತ್ರಿಯೇ ಸರಿ. ಕನ್ನಡಿ 325 ನ್ಯಾನೋಮೀಟರ್ ಕದಲಿದರೂ ಒಂದು ಇಡೀ ಪಟ್ಟಿ ದಾಟುತ್ತದೆ. ಗ್ರಾನೈಟನ್ನು ಒಂದೇ ಬೆರಳಲ್ಲಿ ಒತ್ತಿ ನೋಡಿ, ಕಲ್ಲು ಬಾಗುವುದು ಗೋಡೆಯ ಮೇಲೆ ಕಾಣುತ್ತದೆ.

ಈಗ ಕಲ್ಲನ್ನು ನಿಧಾನವಾಗಿ 90 ಡಿಗ್ರಿ ತಿರುಗಿಸಿ, ಸೆಳವಿಗೆ ಎದುರಿದ್ದ ತೋಳು ಅಡ್ಡಕ್ಕೂ ಅಡ್ಡವಿದ್ದದ್ದು ಎದುರಿಗೂ ಬರುತ್ತದೆ. ಪಟ್ಟಿ ಸರಿದರೆ ಈಥರ್ ಸಿಕ್ಕಿತೆಂದು ಬರೆದುಕೊಳ್ಳಬೇಡಿ. ಲೆಕ್ಕದ ಪ್ರಕಾರ 15 ಸೆಂ.ಮೀ. ತೋಳಿಗೆ ಈಥರ್ ಸರಿಸಬೇಕಾದದ್ದು ಸುಮಾರು 0.005 ಪಟ್ಟಿ. ಒಂದು ತೋಳಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅರ್ಧ ಪಟ್ಟಿ ಸರಿಯುತ್ತದೆ, ಅಂದರೆ ನೂರು ಪಟ್ಟು. ಕಿರಣದ ಕೆಳಗೆ ಅಂಗೈ ಹಿಡಿದು ನೋಡಿದರೆ ಸಾಕು. ಮನೆಯ ಉಪಕರಣ ಈಥರನ್ನು ಅಲ್ಲಗಳೆಯಲಾರದು.

ಆದ್ದರಿಂದಲೇ 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಮರಳುಗಲ್ಲಿನ ಚಪ್ಪಡಿಯನ್ನು ಪಾದರಸದ ಮೇಲೆ ತೇಲಿಸಿ, ಕಿರಣವನ್ನು ಕನ್ನಡಿಗಳ ನಡುವೆ ಓಡಾಡಿಸಿ ತೋಳನ್ನು 11 ಮೀಟರಿಗೆ ಹಿಗ್ಗಿಸಿದರು. 0.4 ಪಟ್ಟಿ ಸರಿಯಬೇಕಿತ್ತು. ಕಂಡದ್ದು 0.02ಕ್ಕಿಂತ ಕಡಿಮೆ. ಚಲಿಸುವ ದಿಕ್ಕಿನಲ್ಲಿ ತೋಳೇ ಕುಗ್ಗುತ್ತದೆ ಎಂದು ಭೌತವಿಜ್ಞಾನಿಗಳಾದ ಫಿಟ್ಜ್‌ಜೆರಾಲ್ಡ್, ಲೊರೆಂಟ್ಸ್ ಈಥರನ್ನು ಉಳಿಸಲು ನೋಡಿದರು. 1905ರಲ್ಲಿ ಐನ್‌ಸ್ಟೈನ್, ಯಾರು ಅಳೆದರೂ ಬೆಳಕಿನ ವೇಗ ಒಂದೇ ಎಂಬುದನ್ನೇ ಮೊದಲ ಹೆಜ್ಜೆಯಾಗಿಟ್ಟರು. ಉದ್ದ, ಕಾಲ ಎರಡೂ ಅದಕ್ಕೆ ತಕ್ಕಂತೆ ಬದಲಾಗಬೇಕಾಯಿತು, ಈಥರಿಗೆ ಕೆಲಸ ಉಳಿಯಲಿಲ್ಲ. ಉದ್ದ ಮಾತ್ರ ಕುಗ್ಗುವುದಾದರೆ, ಅಸಮ ತೋಳುಗಳ ಉಪಕರಣದಲ್ಲಿ ಭೂಮಿಯ ವೇಗ ಬದಲಾದಂತೆ ಪಟ್ಟಿ ಸರಿಯಬೇಕು. 1932ರಲ್ಲಿ ಕೆನಡಿ ಮತ್ತು ಥಾರ್ನ್‌ಡೈಕ್ ತೋಳುಗಳನ್ನು ಬೇಕೆಂದೇ ಅಸಮವಾಗಿಟ್ಟು ತಿಂಗಳುಗಟ್ಟಲೆ ಕಾದರು. ಪಟ್ಟಿ ಸರಿಯಲಿಲ್ಲ.