ಕೆಡಿಸಿ ಕಲಿಸಿದ ಫಾಸ್ಟ್‌ಎಲ್‌ಇಡಿ ಪಾಠಗಳು – ನನ್ನ ಅನುಭವ

ಫಾಸ್ಟ್‌ಎಲ್‌ಇಡಿ ಅಂದರೆ ಆರ್ಡುಯಿನೊದಂಥ ಪುಟ್ಟ ಬೋರ್ಡಿನಿಂದ ಬಣ್ಣದ ಎಲ್‌ಇಡಿ ಸ್ಟ್ರಿಪ್ ಓಡಿಸುವ ಸಿದ್ಧ ಕೋಡಿನ ಲೈಬ್ರರಿ. ಇದಕ್ಕೆ ಕನ್ನಡದಲ್ಲಿ ಆರಂಭದ ಪಾಠ ಬರೆಯುತ್ತೇನೆ ಅಂದಾಗ ಗೆಳೆಯರೆಲ್ಲ ಬೇಡ ಅಂದಿದ್ದರು. ಇಂಗ್ಲಿಷಿನಲ್ಲಿ ಬೇಕಾದಷ್ಟು ಬಿದ್ದಿವೆ, ಪೆಂಡಾಲಿಗೆ ಲೈಟ್ ಕಟ್ಟುವವರು ರೆಡಿ ಕಂಟ್ರೋಲರ್ ತಂದು ಸಿಗಿಸುತ್ತಾರೆ, ಅವರು ಯಾಕೆ ಕೋಡ್ ಮುಟ್ಟುತ್ತಾರೆ ಅನ್ನುವುದು ಅವರ ಮಾತು. ಈಗ ಹತ್ತು ಹನ್ನೆರಡು ಪಾಠ ಆಗಿವೆ. ಕಳೆದ ಗಣೇಶ ಹಬ್ಬದಲ್ಲಿ ನಮ್ಮ ಕಡೆಯ ಐದಾರು ಪೆಂಡಾಲುಗಳಲ್ಲಿ ಇವೇ ಪಾಠ ಓದಿದವರ ಕೋಡ್ ಓಡಿತು. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಎಲ್ಲರಂತೆ ನಾನೂ ಮೊದಲು ಲೈಬ್ರರಿಯ ಜೊತೆ ಬರುವ ಬ್ಲಿಂಕ್ ಉದಾಹರಣೆಯಿಂದಲೇ ಶುರು ಮಾಡಿದ್ದೆ. ಅದನ್ನು ತೆರೆದರೆ ಚಿಪ್‌ಗಳ ಹೆಸರಿನ ಸಾಲು ಸಾಲು ಕಾಮೆಂಟ್. ನಮ್ಮ ಸ್ಟ್ರಿಪ್‌ಗೆ ಹೊಂದುವ ಸಾಲು ಆರಿಸಿಕೊಳ್ಳಬೇಕು. ನಮಗೆ ಅದು ಸುಲಭ. ಹೊಸಬರು ಅಲ್ಲೇ ನಿಂತುಬಿಡುತ್ತಾರೆ. ಅದರ ಮೇಲೆ ಅರೇ, ಲೂಪ್ ಅಂತ ವಿವರಣೆ ಬೇರೆ. ಇಪ್ಪತ್ತು ಜನ ಶುರು ಮಾಡಿದರೆ ಮೂರನೇ ಪಾಠಕ್ಕೆ ಮೂರು ನಾಲ್ಕು ಜನ ಉಳಿಯುತ್ತಿದ್ದರು. ಆಮೇಲೆ ವಿಡಿಯೊ ಪ್ರಯತ್ನ. ಮೈಕು, ಸ್ಟ್ಯಾಂಡು, ಸೆಕೆಂಡ್ ಹ್ಯಾಂಡ್ ಫೋನು ಸೇರಿ ಹತ್ತು ಸಾವಿರದ ಹತ್ತಿರ ಹೋಯಿತು. ಫಲಿತಾಂಶ ಅಷ್ಟೇ ಇತ್ತು.

ಆಗ ಒಂದಿಬ್ಬರು ಡಿಪ್ಲೊಮಾ ಹುಡುಗರನ್ನೂ ಲೈಟಿಂಗ್ ಕೆಲಸದ ಒಬ್ಬರನ್ನೂ ಮನೆಗೆ ಕರೆದೆ. ಎದುರಿಗೆ ಸಾಮಾನು ಇಟ್ಟೆ. ಬಾಯಿ ಬಿಡದೆ ಬರೀ ನೋಡುತ್ತಾ ಕೂತೆ. ಮೊದಲಿಗೆ ಕೋಡಿನವರೆಗೆ ಯಾರೂ ಬರಲೇ ಇಲ್ಲ. ಒಬ್ಬನ ಯುಎಸ್‌ಬಿ ಕೇಬಲ್ ಬರೀ ಚಾರ್ಜಿಂಗಿನದು, ಡೇಟಾ ವೈರೇ ಇಲ್ಲ. ಇನ್ನೊಬ್ಬನಿಗೆ ಸಿಎಚ್340 (ಬೋರ್ಡಿನ ಯುಎಸ್‌ಬಿ ಚಿಪ್) ಡ್ರೈವರ್ ಇಲ್ಲದೆ ಪೋರ್ಟ್ ಕಾಣಲಿಲ್ಲ. ಆರ್ಡುಯಿನೊದ ಕ್ಲೋನ್ ನ್ಯಾನೊ ಬೋರ್ಡಿಗೆ ‘ಓಲ್ಡ್ ಬೂಟ್‌ಲೋಡರ್’ ಆರಿಸದೆ ಅಪ್‌ಲೋಡ್ ಆಗಲಿಲ್ಲ. ಇವೆಲ್ಲ ದಾಟಿದ ಮೇಲೆ ಕೆಂಪು ಕೇಳಿದರೆ ಹಸಿರು ಬಂತು. ಲೈಟಿಂಗಿನವರು ಹೇಳಿದರು: “ಅಣ್ಣ, ಸ್ಟ್ರಿಪ್ಪೇ ಡಿಫೆಕ್ಟ್ ಅಂದ್ಕೊಂಡು ಎರಡು ರೋಲು ಪಕ್ಕಕ್ಕೆ ಎತ್ತಿಟ್ಟಿದ್ದೀನಿ ನಾನು.”

ಆ ಮಾತಿನಿಂದಲೇ ದಾರಿ ಸಿಕ್ಕಿತು. ಪ್ರತಿ ಪಾಠದಲ್ಲೂ ಬೇಕಂತಲೇ ಒಂದು ದೋಷ ಇಡುತ್ತೇನೆ. ಮೊದಲ ಪಾಠದಲ್ಲಿ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಅನ್ನುವ ಕ್ರಮ) ಅಂತ ಬರೆದೇ ಕೊಡುತ್ತೇನೆ. ಡಬ್ಲ್ಯೂಎಸ್2812ಬಿ ಅನ್ನುವ ನಮ್ಮ ಸ್ಟ್ರಿಪ್ಪಿನ ಚಿಪ್ ಹಸಿರನ್ನು ಮೊದಲು ತೆಗೆದುಕೊಳ್ಳುತ್ತದೆ, ಹಾಗಾಗಿ ಬಣ್ಣ ಅದಲು ಬದಲು. ಓದುವವರು ಅದನ್ನು ಜಿಆರ್‌ಬಿ ಮಾಡಿ ತಾವೇ ಸರಿಪಡಿಸಬೇಕು. ತಮ್ಮ ಕೈಯಲ್ಲೇ ಸರಿ ಮಾಡಿದವರು ಎರಡನೇ ಪಾಠಕ್ಕೆ ಬಂದೇ ಬರುತ್ತಾರೆ. ಅಲ್ಲಿ ಫೈರ್2012 ಅನ್ನುವ ಬೆಂಕಿಯ ಉದಾಹರಣೆ. ಕೂಲಿಂಗ್ 55, ಸ್ಪಾರ್ಕಿಂಗ್ 120 (ಬೆಂಕಿ ಆರುವ ವೇಗ, ಕಿಡಿ ಏಳುವ ಸಾಧ್ಯತೆ) ಅಂತ ಎರಡು ಸಂಖ್ಯೆ ಇವೆಯಲ್ಲ, ಅವನ್ನಷ್ಟೇ ಬದಲಿಸಿ ನೋಡುವುದು. ಬೆಂಕಿ ಏಳುವುದು, ಆರುವುದು ಕಣ್ಣೆದುರೇ. ಲೂಪ್ ವಿವರಣೆ ಅದಾದ ಮೇಲೆ, ಅದೂ ಅವರೇ ಕೇಳಿದಾಗ.

ಜಾಸ್ತಿ ದುಡ್ಡು ತಿಂದದ್ದು ಪವರ್ ಪಾಠ. ಒಂದು ಎಲ್‌ಇಡಿ ಪೂರ್ತಿ ಬಿಳಿ ಉರಿದರೆ ಸುಮಾರು 60 ಮಿಲಿಆಂಪ್. ಮೀಟರಿಗೆ 60ರಂತೆ ಐದು ಮೀಟರ್ ಅಂದರೆ 300 ಎಲ್‌ಇಡಿ, 18 ಆಂಪ್. ಒಂದೇ ತುದಿಯಿಂದ ಸಪ್ಲೈ ಕೊಟ್ಟು ಬಿಳಿ ಹಚ್ಚಿಸಿ ಅನ್ನುತ್ತೇನೆ. ಇನ್ನೊಂದು ತುದಿ ಕೆಂಪಗಾಗುತ್ತದೆ, ಯಾಕಂದರೆ ವೋಲ್ಟೇಜ್ ಇಳಿದಾಗ ನೀಲಿ ಮೊದಲು ಸೋಲುತ್ತದೆ. ಇದನ್ನು ತೋರಿಸಲು ತಂದ ‘20 ಆಂಪ್’ ಎಸ್‌ಎಂಪಿಎಸ್ ಪವರ್ ಸಪ್ಲೈ 12 ಆಂಪ್ ಕೂಡ ತಡೆಯಲಿಲ್ಲ. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಸತ್ತ ನ್ಯಾನೊಗಳು, ಸುಟ್ಟ ಮೊದಲ ಪಿಕ್ಸೆಲ್‌ಗಳು ಎಲ್ಲ ಸೇರಿ ಇನ್ನೊಂದು ಎಂಟು ಸಾವಿರ. ಈಗ ಡೇಟಾ ಲೈನಿಗೆ 330 ಓಮ್ ರೆಸಿಸ್ಟರ್, ಸಪ್ಲೈಗೆ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಮೊದಲ ದಿನದಿಂದಲೇ. ಯುಎಸ್‌ಬಿಯಿಂದ ಓಡಿಸುವವರಿಗೆ ಲೈಬ್ರರಿಯ ಪವರ್ ಮಿತಿ 5 ವೋಲ್ಟ್, 500 ಮಿಲಿಆಂಪ್ ಅಂತ ಕಡ್ಡಾಯ.

ಮೆಮೊರಿ ಪಾಠ ನನಗೆ ತುಂಬ ಇಷ್ಟ. ಆರ್ಡುಯಿನೊ ಊನೊ ಬೋರ್ಡಿನಲ್ಲಿ ರ‍್ಯಾಮ್ 2048 ಬೈಟ್, ಒಂದೊಂದು ಎಲ್‌ಇಡಿಗೆ 3 ಬೈಟ್. 600 ಹಾಕಿಸುತ್ತೇನೆ. ಅದಕ್ಕೇ 1800 ಹೋಯಿತು. ಕೋಡ್ ಕಂಪೈಲ್ ಆಗುತ್ತದೆ, ಮೆಮೊರಿ ಕಡಿಮೆ ಅಂತ ಎಚ್ಚರಿಕೆಯೂ ಬರುತ್ತದೆ, ಯಾರೂ ಓದುವುದಿಲ್ಲ. ಆಮೇಲೆ ಬೋರ್ಡ್ ಹುಚ್ಚು ಹುಚ್ಚಾಗಿ ಆಡುತ್ತದೆ. ಎಚ್ಚರಿಕೆ ಓದುವ ಅಭ್ಯಾಸ ಅವತ್ತೇ ಬೀಳುತ್ತದೆ.

ನಡುವೆ ಟಿವಿ ರಿಮೋಟಿನಿಂದ ಬಣ್ಣ ಬದಲಿಸಲು ಹೋಗಿ ಒಂದು ವಾರದಷ್ಟು ಕಳೆದೆ. ಒಂದು ಎಲ್‌ಇಡಿಗೆ ಡೇಟಾ ಕಳಿಸಲು 30 ಮೈಕ್ರೊಸೆಕೆಂಡ್, 300ಕ್ಕೆ 9 ಮಿಲಿಸೆಕೆಂಡ್. ಊನೊದಲ್ಲಿ ಅಷ್ಟು ಹೊತ್ತು ಇಂಟರಪ್ಟ್ (ಹೊರಗಿನ ಸಿಗ್ನಲ್ ಗಮನಿಸುವುದು) ಬಂದ್, ರಿಮೋಟಿನ ಕೋಡ್ ತಪ್ಪಿಹೋಗುತ್ತದೆ. ಕೊನೆಗೆ ರಿಮೋಟಿಗೇ ಬೇರೆ ನ್ಯಾನೊ ಇಟ್ಟೆ. ಇನ್ನೊಂದು ಹುಚ್ಚು, ಅರಿಶಿನ ಬಣ್ಣ. ಲೈಬ್ರರಿಯಲ್ಲಿ ಬಣ್ಣಕ್ಕೊಂದು ಸಂಖ್ಯೆ, ಹಳದಿ 64. ನನ್ನ ಸ್ಟ್ರಿಪ್‌ನಲ್ಲಿ ಅದು ಹಸಿರಿಗೆ ವಾಲುತ್ತಿತ್ತು, 50ರ ಆಸುಪಾಸು ಸರಿ ಬಂತು. ದೇವರ ಮಂಟಪಕ್ಕೆ ಕೆಲಸ ಮಾಡುವವರು ಈ ಸಂಖ್ಯೆಯನ್ನೇ ಕೇಳಿಕೊಂಡು ಬರುತ್ತಾರೆ.

ಕ್ಯಾಮೆರಾದಲ್ಲಿ ಎಲ್‌ಇಡಿ ಬರೀ ಬಿಳಿ ಚುಕ್ಕೆಯಾಗಿ ಕಾಣುವುದು ನಿಮಗೆ ಗೊತ್ತೇ ಇದೆ. ನಾನು ಬ್ರೈಟ್‌ನೆಸ್ ಬಹಳ ಇಳಿಸಿ ಮೇಲೊಂದು ಹಾಳೆ ಹಿಡಿಯುತ್ತೇನೆ. ಯಾವ ಹಾಳೆ, ಎಷ್ಟು ದೂರ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಈ ಲೈಬ್ರರಿ ಎಂಐಟಿ ಲೈಸೆನ್ಸಿನದು, ಅಂದರೆ ಹೆಸರು ಉಳಿಸಿಕೊಂಡು ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು, ಅದಕ್ಕೇ ಉದಾಹರಣೆಗಳನ್ನು ತೆಗೆದುಕೊಂಡು ಕನ್ನಡ ಕಾಮೆಂಟ್ ಹಾಕಲು ಆಯಿತು. ಶುರು ಮಾಡಿದ ಡೇನಿಯಲ್ ಗಾರ್ಸಿಯಾ 2019ರಲ್ಲಿ ಕ್ಯಾಲಿಫೋರ್ನಿಯಾದ ಡೈವಿಂಗ್ ದೋಣಿ ಬೆಂಕಿ ದುರಂತದಲ್ಲಿ ತೀರಿಕೊಂಡರು. ಅವರ ಮತ್ತು ಜೊತೆಗೆ ಲೈಬ್ರರಿ ಬರೆದ ಮಾರ್ಕ್ ಕ್ರೀಗ್ಸ್‌ಮನ್ ಅವರ ಹೆಸರು ನನ್ನ ಪ್ರತಿ ಫೈಲಿನ ತಲೆಯಲ್ಲಿದೆ. ನೀವೂ ಅದನ್ನು ತೆಗೆಯಬೇಡಿ.

ಈಗ ಇಎಸ್‌ಪಿ32 ಅನ್ನುವ ಬೇರೆ ಬೋರ್ಡಿನ ಪಾಠದಲ್ಲಿದ್ದೇನೆ. ಅದರ ಸಿಗ್ನಲ್ 3.3 ವೋಲ್ಟ್, 5 ವೋಲ್ಟಿನ ಸ್ಟ್ರಿಪ್‌ಗೆ ಲೆಕ್ಕದ ಪ್ರಕಾರ 3.5 ಬೇಕು. ತೊಂದರೆ ಏನಂದರೆ ಮೇಜಿನ ಮೇಲೆ ಅದು ಚೆನ್ನಾಗಿಯೇ ಓಡುತ್ತದೆ! ಕೇಳಿದಾಗ ಕೆಡದ ದೋಷವನ್ನು ಪಾಠ ಮಾಡಲಾಗದು. ನಾಲ್ಕೈದು ಮೀಟರ್ ಡೇಟಾ ವೈರ್ ಹಾಕಿದ ಮೇಲೆ ಮಿನುಗಲು ಶುರುವಾಗಿದೆ, 74ಎಎಚ್‌ಸಿಟಿ125 (ಸಿಗ್ನಲನ್ನು 5 ವೋಲ್ಟಿಗೆ ಏರಿಸುವ ಚಿಪ್) ಹಾಕಿದರೆ ನಿಲ್ಲುತ್ತದೆ. ಬೇರೆ ಬೇರೆ ಕಂಪನಿಯ ಸ್ಟ್ರಿಪ್‌ಗಳಲ್ಲೂ ಹೀಗೇ ಕೆಟ್ಟರೆ ಈ ಪಾಠ ದಸರಾಕ್ಕೆ ಮೊದಲು ಬರುತ್ತದೆ.