ಎಸ್‌ಎಕ್ಸ್ ಸಾಕೇ, ಡಿಎಕ್ಸ್ ಬೇಕೇ? 386, 486 ಚಿಪ್ ಆರಿಸುವ ಬಗೆ

ಹಳೆಯ ಪಿಸಿಯ ಮದರ್‌ಬೋರ್ಡ್ ಕೈಗೆ ಸಿಕ್ಕರೆ ಮೊದಲು ಚಿಪ್‌ನ ಬೆನ್ನ ಮೇಲಿನ ಬರಹ ಓದಿ. 386, 486 ಎಂಬ ತನ್ನ ಪ್ರೊಸೆಸರ್‌ಗಳಲ್ಲಿ (ಪಿಸಿಯ ಲೆಕ್ಕ ಮಾಡುವ ಮುಖ್ಯ ಚಿಪ್) ಇಂಟೆಲ್ ಅಗ್ಗದ ಮಾದರಿಯನ್ನು ಎಸ್‌ಎಕ್ಸ್ ಎಂದೂ ಪೂರ್ಣ ಮಾದರಿಯನ್ನು ಡಿಎಕ್ಸ್ ಎಂದೂ ಕರೆಯಿತು. ಆದರೆ 386ರಲ್ಲಿ ಕತ್ತರಿ ಬಿದ್ದ ಜಾಗವೇ ಬೇರೆ, 486ರಲ್ಲಿ ಬಿದ್ದ ಜಾಗವೇ ಬೇರೆ. ಬಹಳ ಜನ ಎಡವುವುದು ಇಲ್ಲೇ.

1988ರ 386ಎಸ್‌ಎಕ್ಸ್‌ನಲ್ಲಿ ಕಿರಿದಾದದ್ದು ದಾರಿ. ಒಳಗೆ 32 ಬಿಟ್ ಲೆಕ್ಕ ನಡೆದರೂ ಹೊರಗಿನ ಡೇಟಾ ಬಸ್, ಅಂದರೆ ಮಾಹಿತಿ ಓಡಾಡುವ ದಾರಿ, 16 ಬಿಟ್. ವಿಳಾಸದ ಗೆರೆಗಳು 24, ಹಾಗಾಗಿ ಮೆಮೊರಿ 16 ಎಂಬಿ ದಾಟದು. 30 ಪಿನ್‌ನ ಸಿಮ್, ಅಂದರೆ ಮೆಮೊರಿಯ ಪಟ್ಟಿ, ಒಂದೊಂದೂ 8 ಬಿಟ್‌ನದು. ಎಸ್‌ಎಕ್ಸ್ ಬೋರ್ಡಿಗೆ ಎರಡೆರಡು, ಡಿಎಕ್ಸ್ ಬೋರ್ಡಿಗೆ ನಾಲ್ಕುನಾಲ್ಕು ಹಾಕಬೇಕು. ದಶಮಾಂಶ ಲೆಕ್ಕದ ಘಟಕ, ಅಂದರೆ ಎಫ್‌ಪಿಯು, 386ಡಿಎಕ್ಸ್‌ನಲ್ಲೂ ಇಲ್ಲ. ಅದಕ್ಕೆ 387 ಎಂಬ ಇನ್ನೊಂದು ಚಿಪ್ ಬೇರೆಯಾಗಿಯೇ ಬೇಕು. 387ಎಸ್‌ಎಕ್ಸ್, 387ಡಿಎಕ್ಸ್ ಎರಡಕ್ಕೂ 68 ಕಾಲುಗಳಿದ್ದರೂ ಸಾಕೆಟ್ ಬೇರೆ, ಒಂದರದ್ದು ಇನ್ನೊಂದಕ್ಕೆ ಕೂರದು.

486ರ ಕಥೆ ಸರಳ. 1989ರ ಡಿಎಕ್ಸ್, 1991ರ ಎಸ್‌ಎಕ್ಸ್ ಎರಡಕ್ಕೂ 32 ಬಿಟ್ ಬಸ್, 8 ಕೆಬಿ ಕ್ಯಾಶ್ (ಚಿಪ್ ಒಳಗಿನ ಚುರುಕು ಮೆಮೊರಿ). ಎಸ್‌ಎಕ್ಸ್‌ನಲ್ಲಿ ಎಫ್‌ಪಿಯು ಮಾತ್ರ ಇಲ್ಲ. ಮೊದಮೊದಲ ಚಿಪ್‌ಗಳಲ್ಲಿ ಅದು ಒಳಗೇ ಇದ್ದು ನಿಷ್ಕ್ರಿಯವಾಗಿತ್ತು. ಹಾಗಾಗಿ ಪತ್ರ ಟೈಪಿಸಲು, ಡೂಮ್ ಆಟ ಆಡಲು 33 ಮೆಗಾಹರ್ಟ್ಸ್‌ನ ಎಸ್‌ಎಕ್ಸ್ 25ರ ಡಿಎಕ್ಸ್‌ಗಿಂತ ಚುರುಕು. ನಕ್ಷೆ ಬಿಡಿಸುವ ಆಟೋಕ್ಯಾಡ್‌ನ ರಿಲೀಸ್ 12, ಕ್ವೇಕ್ ಆಟ ಬೇಕೆಂದರೆ ಮಾತ್ರ ಎಫ್‌ಪಿಯು ಇಲ್ಲದೆ ಆಗದು. ಅಂಥ ಕೆಲಸವಿಲ್ಲದವರು ಡಿಎಕ್ಸ್ ಹೆಸರಿಗಾಗಿ ದುಡ್ಡು ಸುರಿಯಬೇಡಿ, ಮೆಮೊರಿಗೆ ಹಾಕಿ.

ಎಫ್‌ಪಿಯು ಇದೆಯೋ ಇಲ್ಲವೋ ತಿಳಿಯಲು ಡಾಸ್‌ನಲ್ಲಿ ಡಿಬಗ್ (DEBUG) ಎಂಬ ಪ್ರೋಗ್ರಾಂ ಓಡಿಸಿ. ಅಡ್ಡಗೆರೆ ಬಂದಾಗ ‘ಡಿ 40:10 ಎಲ್1’ (D 40:10 L1) ಎಂದು ಕೊಡಿ. ಬರುವ ಎರಡಂಕಿಯ ಸಂಖ್ಯೆಯಲ್ಲಿ ಬಲಗಡೆಯದು 2, 3, 6, 7, ಎ, ಬಿ, ಇ ಅಥವಾ ಎಫ್ ಆದರೆ ಬಯಾಸ್, ಅಂದರೆ ಬೋರ್ಡಿನಲ್ಲೇ ಇರುವ ಆರಂಭದ ತಂತ್ರಾಂಶ, ಎಫ್‌ಪಿಯು ಕಂಡಿದೆ ಎಂದರ್ಥ. ಹೊರಬರಲು ‘ಕ್ಯೂ’ (Q).

486ಎಸ್‌ಎಕ್ಸ್ ತೆಗೆದು ಡಿಎಕ್ಸ್ ಕೂರಿಸುವುದಾದರೆ ವಿದ್ಯುತ್ ತಂತಿ ಕಿತ್ತು, ಕೇಸಿನ ಲೋಹ ಮುಟ್ಟಿ ಕೈಯ ಸ್ಥಿರ ವಿದ್ಯುತ್ ಇಳಿಸಿ. ಲಿವರ್ ಇಲ್ಲದ ಸಾಕೆಟ್ಟಾದರೆ ಚಿಪ್‌ನ ನಾಲ್ಕೂ ಬದಿ ಸರದಿಯಂತೆ ಸ್ವಲ್ಪಸ್ವಲ್ಪವೇ ಎಬ್ಬಿಸಿ. ಒಂದೇ ಬದಿಯಿಂದ ಮೀಟಿದರೆ ಕಾಲು ಬಾಗುತ್ತವೆ. ಹೊಸದನ್ನು ಒತ್ತುವಾಗ ಬೋರ್ಡ್ ಬಾಗದಂತೆ ಅಡಿಗೆ ಗಟ್ಟಿ ಫೋಮ್ ಇರಲಿ. ಕತ್ತರಿಸಿದ ಮೂಲೆ ಸಾಕೆಟ್ಟಿನ ಗುರುತಿಗೆ ಹೊಂದಲೇಬೇಕು, ತಿರುಗಿ ಕೂತರೆ ಚಿಪ್ ಸುಡುತ್ತದೆ.

ಜಂಪರ್, ಅಂದರೆ ಬೋರ್ಡಿನ ಪಿನ್‌ಗಳನ್ನು ಜೋಡಿಸುವ ಪುಟ್ಟ ಮುಚ್ಚಳ, ಮರೆಯಬೇಡಿ. ಎನ್‌ಎಂಐ (ಪ್ರೊಸೆಸರಿಗೆ ತುರ್ತು ಸುದ್ದಿ ಮುಟ್ಟಿಸುವ) ಸಂಕೇತದ ಕಾಲು ಎಸ್‌ಎಕ್ಸ್‌ನಲ್ಲಿ ಒಂದು ಕಡೆ, ಡಿಎಕ್ಸ್‌ನಲ್ಲಿ ಇನ್ನೊಂದು ಕಡೆ. ಜಂಪರ್ ಹಳೆಯ ಜಾಗದಲ್ಲೇ ಉಳಿದರೆ ಯಂತ್ರ ಏಳಬಹುದು, ಆದರೆ ಮೆಮೊರಿಯ ಪ್ಯಾರಿಟಿ ದೋಷದ (ಬಿಟ್ ತಪ್ಪಿದ) ಸುದ್ದಿ ಪ್ರೊಸೆಸರಿಗೆ ಸರಿಯಾಗಿ ಮುಟ್ಟದು. ಬೋರ್ಡಿನ ಕೈಪಿಡಿಯ ಪಟ್ಟಿ ನೋಡಿಯೇ ಬದಲಿಸಿ.

487ಎಸ್‌ಎಕ್ಸ್ ಎಂಬ ‘ಗಣಿತ ಚಿಪ್’ ಕಂಡರೆ, ಅದು 169ನೇ ಕಾಲು ಸೇರಿಸಿದ ಇಡೀ 486ಡಿಎಕ್ಸ್. ಅದು ಕೂತ ಮೇಲೆ ಹಳೆಯ ಎಸ್‌ಎಕ್ಸ್ ಸುಮ್ಮನಾಗುತ್ತದೆ. ಬಸ್ ವೇಗದ ಎರಡರಷ್ಟು ಓಡುವ 66 ಮೆಗಾಹರ್ಟ್ಸ್‌ನ 486ಡಿಎಕ್ಸ್2 ಹಾಕುವವರು ಬಸ್ ವೇಗವನ್ನು 33ಕ್ಕೆ ಇಟ್ಟು, ಹೀಟ್‌ಸಿಂಕ್ ಅಂಟಿಸಿ; 25ರಲ್ಲೇ ಬಿಟ್ಟರೆ ಸಿಗುವುದು 50 ಅಷ್ಟೇ. ಇನ್ನೂ ವೇಗದ ಡಿಎಕ್ಸ್4 ಮಾತ್ರ ಸುಮಾರು 3.3 ವೋಲ್ಟ್‌ನದು. 5 ವೋಲ್ಟ್‌ನ ಸಾಕೆಟ್ಟಿಗೆ ನೇರವಾಗಿ ಹಾಕಬೇಡಿ, ನಡುವೆ ವೋಲ್ಟೇಜ್ ಇಳಿಸುವ ಅಡಾಪ್ಟರ್ ಇರಲೇಬೇಕು.